ಹಳೇ ಡೀಸೆಲ್ ಕಾರು ಸ್ಟಾರ್ಟ್ ಆಗ್ತಿಲ್ವಾ? ಮೊದಲು ಹೊಗೆ ನೋಡಿ

ಮಳೆಗಾಲ ಹಿಡಿದಾಗ ಒಂದು ಸಲ, ಚಳಿ ಬಿದ್ದಾಗ ಇನ್ನೊಂದು ಸಲ ಓದುಗರಿಂದ ಇದೇ ಪ್ರಶ್ನೆ ಬರುತ್ತದೆ. "ನಿನ್ನೆ ಸಂಜೆ ಚೆನ್ನಾಗಿಯೇ ಓಡಿಸಿಕೊಂಡು ಬಂದೆ. ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗ್ತಿಲ್ಲ. ಬ್ಯಾಟರಿ ಹೊಸದು. ಏನು ಮಾಡಲಿ?" ಕೇಳುವವರ ಹತ್ತಿರ ಇರುವುದು ಇಂಡಿಕಾ, ಕ್ವಾಲಿಸ್, ಸುಮೋ, ಹಳೆಯ ಬೊಲೆರೊ, ಜೆನ್ ಡೀಸೆಲ್, ಮನೆಯ ಅಂಗಳದಲ್ಲಿ ನಿಂತ ಜೀಪು.

ಬಹಳ ಜನ ಮಾಡುವುದು ಅಂದಾಜಿನ ಮೇಲೆ ಸಾಮಾನು ಬದಲಾಯಿಸುವ ಕೆಲಸ. ಮೊದಲು ಬ್ಯಾಟರಿ, ಆಮೇಲೆ ಇಂಜಿನ್ನನ್ನು ಒಳಗಿನಿಂದ ಬಿಸಿ ಮಾಡುವ ಹೀಟರ್ ಪ್ಲಗ್, ಆಮೇಲೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿಸಿ ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ. ಸಾವಿರಗಟ್ಟಲೆ ಕೈಬಿಟ್ಟ ಮೇಲೆ ನೋಡಿದರೆ ಫಿಲ್ಟರ್ ಹತ್ತಿರದ ರಬ್ಬರ್ ಪೈಪು ಬಿರುಕು ಬಿಟ್ಟಿರುತ್ತದೆ. ಅದರ ಬೆಲೆ ನೂರು ಚಿಲ್ಲರೆ.

ಹಳೇ ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಕಾರ್ಬುರೇಟರ್ ಇಲ್ಲ. ಅದಕ್ಕೆ ಬೇಕಾದದ್ದು ಮೂರೇ. ಇಂಜಿನ್ ಸಾಕಷ್ಟು ಜೋರಾಗಿ ತಿರುಗಬೇಕು. ಒಳಗೆ ಒತ್ತಿದ ಗಾಳಿ ಸಾಕಷ್ಟು ಬಿಸಿಯಾಗಬೇಕು. ಆ ಬಿಸಿ ಗಾಳಿಗೆ ಸರಿಯಾದ ಹೊತ್ತಿಗೆ ಡೀಸೆಲ್ ಚಿಮ್ಮಬೇಕು. ಇವುಗಳಲ್ಲಿ ಯಾವುದು ತಪ್ಪಿದೆ ಎಂದು ಸೆಲ್ಫಿನ ಶಬ್ದ ಮತ್ತು ಸೈಲೆನ್ಸರಿನ ಹೊಗೆ ಎರಡೇ ಸೇರಿ ಮುಕ್ಕಾಲು ಪಾಲು ಹೇಳಿಬಿಡುತ್ತವೆ. ಅದನ್ನು ನೋಡುವ ಮೊದಲು ಯಾವ ಸಾಮಾನನ್ನೂ ಕೊಳ್ಳಬೇಡಿ.

ಇಲ್ಲಿ ಬರೆದಿರುವುದು ಮುಖ್ಯವಾಗಿ ಮೆಕ್ಯಾನಿಕಲ್ ಪಂಪ್ ಇರುವ ಕಾರುಗಳಿಗೆ. ಸ್ವಿಫ್ಟ್ ಡಿಡಿಐಎಸ್ ಥರದ ಕಾಮನ್ ರೈಲ್ ಕಾರುಗಳ, ಅಂದರೆ ಡೀಸೆಲ್ ಬಿಡುವುದನ್ನು ಕಂಪ್ಯೂಟರ್ ನಿರ್ಧರಿಸುವ ಕಾರುಗಳ ವಿಷಯ 9ನೇ ಹಂತದಲ್ಲಿದೆ. ಅಂಥ ಕಾರಿದ್ದವರು 4ನೇ ಹಂತ ಮುಗಿಸಿ ನೇರ ಅಲ್ಲಿಗೆ ಹೋಗಿ. ನಡುವೆ ಹೇಳಿರುವ ಪೈಪು ಬಿಚ್ಚುವ ಕೆಲಸ ನಿಮಗಲ್ಲ.

ಏನೇನು ಬೇಕು?

ಒಂದು ಮಲ್ಟಿಮೀಟರ್, ಕೆಲವು ನೂರು ರೂಪಾಯಿಯದ್ದು ಸಾಕು. ಒಂದು ಟೆಸ್ಟ್ ಲ್ಯಾಂಪ್, ಅಂದರೆ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸೆದದ್ದು. 10, 12, 13, 14, 17ನೇ ನಂಬರ್ ಸ್ಪ್ಯಾನರ್‌ಗಳು, ಸ್ಕ್ರೂ ಡ್ರೈವರ್, ಟಾರ್ಚು, ಹಳೆಯ ಬನಿಯನ್ ಬಟ್ಟೆ, ಒಂದು ಅಡಿ ಪಾರದರ್ಶಕ ಪೈಪು, ಎರಡು ಕ್ಲಿಪ್ಪು. ಒಂದು ಲೀಟರ್ ಶುದ್ಧ ಡೀಸೆಲ್ ಮುಚ್ಚಳ ಇರುವ ಡಬ್ಬಿಯಲ್ಲಿರಲಿ. ಸಹಾಯಕ್ಕೆ ಒಬ್ಬರು ಬೇಕೇ ಬೇಕು. ಒಬ್ಬರು ಕೀ ತಿರುಗಿಸುವಾಗ ಇನ್ನೊಬ್ಬರು ಹಿಂದೆ ನಿಂತು ಹೊಗೆ ನೋಡಬೇಕಲ್ಲ.

ಕೆಲಸಕ್ಕೆ ಮುಂಚೆ ಹ್ಯಾಂಡ್ ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್ ಮಾಡಿ, ಚಕ್ರಕ್ಕೆ ಕಲ್ಲು ಕೊಡಿ. ತೂಗಾಡುವ ಟವೆಲ್, ಶಾಲು, ಕೈಯ ಉಂಗುರ ತೆಗೆದಿಡಿ. ಫ್ಯಾನ್ ಬೆಲ್ಟಿಗೆ ಕರುಣೆ ಇಲ್ಲ.

1. ಕೀ ಮುಟ್ಟುವ ಮೊದಲು

ಡೀಸೆಲ್ ಇದೆಯಾ ನೋಡಿ. ನಗಬೇಡಿ. ಹಳೇ ಕಾರಿನ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಲೇ ಖಾಲಿಯಾಗಿರುತ್ತದೆ. ಅನುಮಾನ ಇದ್ದರೆ ಐದು ಲೀಟರ್ ಹಾಕಿ ಮುಂದಕ್ಕೆ ಹೋಗಿ.

ಬಾನೆಟ್ ಎತ್ತಿ ಟಾರ್ಚು ಬಿಡಿ. ಭತ್ತ, ಅಡಿಕೆ, ಕೊಟ್ಟಿಗೆ ಇರುವ ಕಡೆ ಕಾರು ನಿಲ್ಲಿಸುವವರು ಇಲಿ ಕಡಿದ ಗುರುತನ್ನು ಹುಡುಕಬೇಕು. ರಬ್ಬರ್ ಪೈಪಿನ ಮೇಲೆ ಹಲ್ಲಿನ ಗೀರು, ವೈರಿನ ತಾಮ್ರ ಕಾಣುವುದು, ಇಂಜಿನ್ ಮೇಲೆ ಹಿಕ್ಕೆ, ಇವು ಸಾಕ್ಷಿ.

ಕಾರು ಮಳೆನೀರಿನಲ್ಲಿ ನಿಂತಿತ್ತಾ? ನೀರು ಬಂಪರ್ ದಾಟಿದ್ದರೆ ಸೆಲ್ಫ್ ಹೊಡೆಯಲೇಬೇಡಿ. ಏರ್ ಫಿಲ್ಟರ್ ಡಬ್ಬಿ ತೆಗೆದು ಮುಟ್ಟಿ ನೋಡಿ. ಒಳಗೆ ಒದ್ದೆ ಇದ್ದರೆ ಸಿಲಿಂಡರಿಗೂ ನೀರು ಹೋಗಿರಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಇಂಜಿನ್ ಒಂದು ಸುತ್ತು ತಿರುಗಿದರೂ ಸಾಕು, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಹೀಟರ್ ಪ್ಲಗ್ ಅಥವಾ ನಾಝಲ್ ಬಿಚ್ಚಿ ನೀರು ಹೊರಗೆ ತೆಗೆಸಿದ ಮೇಲೆಯೇ ಮುಂದಿನ ಮಾತು.

ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದಿದ್ದರೂ ಇಲ್ಲೇ ನಿಲ್ಲಿ. ಟ್ಯಾಂಕ್, ಪೈಪು, ಫಿಲ್ಟರ್ ಎಲ್ಲಾ ಖಾಲಿ ಮಾಡಿಸಬೇಕು. ಪಂಪಿನ ಒಳಗಿನ ಭಾಗಗಳಿಗೆ ಡೀಸೆಲ್ಲೇ ಎಣ್ಣೆ. ಪೆಟ್ರೋಲ್ ಆ ಜಿಡ್ಡನ್ನು ತೊಳೆದುಬಿಡುತ್ತದೆ.

ಹಳೆಯ ಜೀಪು, ಅಂಬಾಸಿಡರ್ ಇದ್ದವರಿಗೆ ಇನ್ನೊಂದು ಮಾತು. ಇಂಜಿನ್ ನಿಲ್ಲಿಸಲು ಎಳೆಯುವ ಗುಬ್ಬಿ ಇರುತ್ತದಲ್ಲ, ಅದು ಪೂರ್ತಿ ಒಳಗೆ ಹೋಗಿದೆಯಾ? ಪಂಪಿನ ತುದಿಯಲ್ಲಿ ಅದರ ಲಿವರ್ ಹಿಂದಕ್ಕೆ ಬಂದಿದೆಯಾ? ತುಕ್ಕು ಹಿಡಿದ ಕೇಬಲ್ ಅರ್ಧಕ್ಕೆ ನಿಂತರೆ ಡೀಸೆಲ್ ಬಂದ್. ಇಷ್ಟಕ್ಕೇ ಗಾಡಿ ಟೋ ಮಾಡಿಸಿದವರಿದ್ದಾರೆ.

2. ಸೆಲ್ಫ್ ಏನು ಹೇಳುತ್ತದೆ?

ಈಗ ಕೀ ತಿರುಗಿಸಿ ಕೇಳಿ. ನಿಯಮ ಒಂದೇ: ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಒಂದೆರಡು ನಿಮಿಷ ಬಿಡುವು ಕೊಡಿ. ಸೆಲ್ಫ್ ಮೋಟಾರ್ ನೂರಾರು ಆಂಪಿಯರ್ ಎಳೆಯುತ್ತದೆ. ಬಿಡುವಿಲ್ಲದೆ ಹೊಡೆದರೆ ಬ್ಯಾಟರಿ ಬತ್ತುತ್ತದೆ, ಮೋಟಾರಿನ ಕಾಯಿಲ್ ಸುಡುತ್ತದೆ. ಒಂದು ತೊಂದರೆ ಹುಡುಕಲು ಹೋಗಿ ಮೂರು ಮಾಡಿಕೊಂಡ ಹಾಗೆ.

ಏನೂ ಶಬ್ದ ಇಲ್ಲ, ಡ್ಯಾಶ್‌ಬೋರ್ಡ್ ದೀಪವೂ ಇಲ್ಲ: ಬ್ಯಾಟರಿ ಪೂರ್ತಿ ಸತ್ತಿದೆ ಅಥವಾ ಟರ್ಮಿನಲ್ ಕಳಚಿದೆ.

"ಟಕಟಕಟಕ" ಎಂದು ಒಂದೇ ಸಮನೆ ಬಡಿಯುತ್ತದೆ: ಬ್ಯಾಟರಿ ಕಡಿಮೆ, ಇಲ್ಲವೇ ಟರ್ಮಿನಲ್ ಸಡಿಲ.

ದೀಪ ಚೆನ್ನಾಗಿ ಉರಿಯುತ್ತದೆ, ಒಂದೇ ಒಂದು "ಟಕ್" ಆಗಿ ನಿಲ್ಲುತ್ತದೆ: ಸೆಲ್ಫ್ ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು ಅಥವಾ ಸೊಲೆನಾಯ್ಡ್ ಹೋಗಿರಬಹುದು. ಸೊಲೆನಾಯ್ಡ್ ಅಂದರೆ ಕರೆಂಟು ಕೊಟ್ಟಾಗ ಒಳಗಿನ ಸರಳನ್ನು ಎಳೆಯುವ ವಿದ್ಯುತ್ ಅಯಸ್ಕಾಂತ. ಒಬ್ಬರು ಕೀ ಹಿಡಿದಿರುವಾಗ ಇನ್ನೊಬ್ಬರು ಮರದ ಹಿಡಿಯಿಂದ ಮೋಟಾರಿನ ಮೈಮೇಲೆ ಮೆಲ್ಲಗೆ ತಟ್ಟಿ. ಆಗ ತಿರುಗಿದರೆ ಬ್ರಷ್‌ದೇ ದೋಷ. ಮನೆ ಸೇರಿಕೊಳ್ಳಲು ಈ ಉಪಾಯ ಸಾಕು, ನಾಳೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

"ಊಂ... ಊಂ..." ಎಂದು ನಿಧಾನಕ್ಕೆ ತಿರುಗುತ್ತದೆ: 3ನೇ ಹಂತ ನೋಡಿ. ಪೆಟ್ರೋಲ್ ಇಂಜಿನ್ ಇಷ್ಟಕ್ಕೂ ಹತ್ತಿಕೊಳ್ಳಬಹುದು, ಡೀಸೆಲ್ ಹತ್ತುವುದಿಲ್ಲ. ನಿಧಾನಕ್ಕೆ ಒತ್ತಿದ ಗಾಳಿಯ ಬಿಸಿ ಸಿಲಿಂಡರಿನ ಗೋಡೆಗೇ ಹೋಗಿಬಿಡುತ್ತದೆ.

ತಡೆಯೇ ಇಲ್ಲದ ಹಾಗೆ "ಸರ್ರ್" ಎಂದು ಸಲೀಸಾಗಿ ತಿರುಗುತ್ತದೆ: ಕೂಡಲೇ ನಿಲ್ಲಿಸಿ. ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ನಿನ ಓಟಕ್ಕೆ ಸರಿಯಾಗಿ ವಾಲ್ವುಗಳನ್ನು ಆಡಿಸುವ ಹಲ್ಲಿನ ಬೆಲ್ಟ್, ಹರಿದಿರಬಹುದು. ಇಂಡಿಕಾ, ಕ್ವಾಲಿಸ್, ಜೆನ್ ಡೀಸೆಲ್ ಮೂರಕ್ಕೂ ಬೆಲ್ಟೇ ಇರುವುದು. ಮತ್ತೆ ಮತ್ತೆ ತಿರುಗಿಸಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆದು ಖರ್ಚು ಬೆಳೆಯುತ್ತದೆ.

ಆರೋಗ್ಯವಾಗಿ, ಎಂದಿನ ವೇಗದಲ್ಲಿ ತಿರುಗುತ್ತದೆ, ಆದರೆ ಸ್ಟಾರ್ಟ್ ಇಲ್ಲ: ಬ್ಯಾಟರಿ ಬಿಡಿ, 4ನೇ ಹಂತಕ್ಕೆ ಹೋಗಿ.

3. ಬ್ಯಾಟರಿ ಮತ್ತು ಅರ್ಥಿಂಗ್

ರಾತ್ರಿ ನಿಂತ ಕಾರಿನ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಡೀಸೆಲ್ ಇಂಜಿನ್ನಿಗೆ ಉಪಯೋಗ ಇಲ್ಲ. ಆದರೆ ನಿಂತಾಗಿನ ವೋಲ್ಟ್ ನಂಬಿ ಮೋಸ ಹೋಗಬೇಡಿ. ಸೆಲ್ಫ್ ಹೊಡೆಯುವಾಗ ಮೀಟರ್ ನೋಡಿ. 10ರ ಹತ್ತಿರ ನಿಂತರೆ ಸರಿ, 9ರ ಕೆಳಗೆ ಕುಸಿದರೆ ಬ್ಯಾಟರಿ ಒಳಗೆ ಸತ್ತಿದೆ.

"ಬ್ಯಾಟರಿ ಹೊಸದು" ಎನ್ನುವವರಿಗೆ ನನ್ನ ಮರುಪ್ರಶ್ನೆ: ಎಷ್ಟು ಆಂಪಿಯರ್ ಅವರ್, ಅಂದರೆ ಎಷ್ಟು ಸಾಮರ್ಥ್ಯದ್ದು? ಸಣ್ಣ ಪೆಟ್ರೋಲ್ ಕಾರಿಗೆ 35 ಸಾಕು. ಡೀಸೆಲ್ ಕಾರಿಗೆ ಸಾಮಾನ್ಯವಾಗಿ 60 ಅಥವಾ ಅದಕ್ಕಿಂತ ಮೇಲೆ ಬೇಕು. ಸಾವಿರ ರೂಪಾಯಿ ಉಳಿಸಲು ಚಿಕ್ಕದನ್ನು ಕೂರಿಸಿದರೆ ಬೇಸಿಗೆಯಲ್ಲಿ ಓಡುತ್ತದೆ, ಚಳಿಗೆ ಕೈಕೊಡುತ್ತದೆ.

ಬ್ಯಾಟರಿ ಸರಿಯಿದ್ದೂ ನಿಧಾನಕ್ಕೆ ತಿರುಗಿದರೆ ಅರ್ಥ್ ಪಟ್ಟಿ ನೋಡಿ. ಬ್ಯಾಟರಿಯ ಮೈನಸ್‌ನಿಂದ ಬಾಡಿಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ದಪ್ಪ ತಂತಿಯೇ ಅದು. ಹದಿನೈದು ಮಳೆಗಾಲ ಕಂಡ ಕಾರಿನಲ್ಲಿ ಆ ಬೋಲ್ಟಿನ ಕೆಳಗೆ ಬರೀ ತುಕ್ಕು. ಪರೀಕ್ಷೆ ಸುಲಭ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಕೆಟ್ಟಿದೆ. ಬಿಚ್ಚಿ, ಸ್ಯಾಂಡ್ ಪೇಪರಿನಲ್ಲಿ ಹೊಳೆಯುವವರೆಗೆ ಉಜ್ಜಿ, ಬಿಗಿಮಾಡಿ. ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಗೆ ಬಿಸಿನೀರು, ಅಡುಗೆ ಸೋಡಾ ಸಾಕು. ಒಣಗಿದ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ.

ಜಂಪ್ ಸ್ಟಾರ್ಟ್ ಕೊಡುವುದಾದರೆ ಕ್ರಮ ಹೀಗೆ: ಕೆಂಪು ವೈರು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ವೈರು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಸತ್ತ ಕಾರಿನ ಇಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು, ಹಾಗಾಗಿ ಬೀಡಿ ಸಿಗರೇಟು ದೂರ ಇರಲಿ. ಐದು ನಿಮಿಷ ಕಾದು ಸೆಲ್ಫ್ ಹೊಡೆಯಿರಿ. ಪೇಟೆಯಲ್ಲಿ ಸಿಗುವ ತೆಳು ಕೇಬಲ್ ಡೀಸೆಲ್‌ಗೆ ಆಗುವುದಿಲ್ಲ, ಬಿಸಿಯಾಗಿ ಕರಗುತ್ತದೆ.

ಇನ್ನೊಂದು ಎಚ್ಚರಿಕೆ. ದಾರಿಯಲ್ಲಿ ಲಾರಿ ಡ್ರೈವರ್ ಒಳ್ಳೆ ಮನಸ್ಸಿನಿಂದಲೇ "ನನ್ನ ಗಾಡಿಯಿಂದ ಕೊಡ್ತೀನಿ ಸಾರ್" ಎನ್ನುತ್ತಾರೆ. ದೊಡ್ಡ ಲಾರಿ, ಬಸ್ಸುಗಳದ್ದು 24 ವೋಲ್ಟ್. ನಿಮ್ಮದು 12. ಧನ್ಯವಾದ ಹೇಳಿ, ಇನ್ನೊಂದು ಕಾರಿಗೆ ಕಾಯಿರಿ.

4. ಹಿಂದೆ ನಿಂತು ಹೊಗೆ ನೋಡಿ

ಇದೇ ಮುಖ್ಯ ಹಂತ. ಒಬ್ಬರು 10 ಸೆಕೆಂಡು ಸೆಲ್ಫ್ ಹೊಡೆಯಲಿ. ನೀವು ಸೈಲೆನ್ಸರ್ ಬಾಯಿಯ ಪಕ್ಕದಲ್ಲಿ, ನೇರ ಎದುರಿಗಲ್ಲ, ನಿಂತು ನೋಡಿ.

ಹೊಗೆಯೇ ಇಲ್ಲ: ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಹೀಟರ್ ಪ್ಲಗ್ ಬದಲಾಯಿಸಿ ಪ್ರಯೋಜನವಿಲ್ಲ. 5, 6, 7ನೇ ಹಂತ ನಿಮಗಾಗಿ.

ಬಿಳಿ ಅಥವಾ ಬೂದಿ ಹೊಗೆ, ಕಣ್ಣುರಿ ಬರಿಸುವ ವಾಸನೆ: ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಪಂಪಿನ ಕಡೆ ಕೈಹಾಕಬೇಡಿ. ನೇರ 8ಕ್ಕೆ ಹೋಗಿ.

ಕಪ್ಪು ಹೊಗೆ: ಡೀಸೆಲ್ ಇದೆ, ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್ ತೆಗೆದು ಒಮ್ಮೆ ಸೆಲ್ಫ್ ಹೊಡೆದು ನೋಡಿ. ಮಣ್ಣು ರಸ್ತೆಯ ಕಾರಿನಲ್ಲಿ ಫಿಲ್ಟರ್ ಕಟ್ಟಿಕೊಂಡಿರುವುದು, ನಿಂತ ಕಾರಿನಲ್ಲಿ ಇಲಿ ಅದರೊಳಗೆ ಗೂಡು ಕಟ್ಟಿರುವುದು, ಎರಡೂ ಸಾಮಾನ್ಯ. ಇಷ್ಟಕ್ಕೆ ಸರಿಹೋಗದಿದ್ದರೆ ನಾಝಲ್ ಸೋರುತ್ತಿರಬಹುದು, ಅದು ಅಂಗಡಿಯ ಕೆಲಸ.

5. ಹೊಗೆ ಇಲ್ಲದಿದ್ದರೆ ಮೊದಲು ಪಂಪಿನ ಸೊಲೆನಾಯ್ಡ್

ಪಂಪ್ ಅಂದರೆ ಡೀಸೆಲ್ಲನ್ನು ಭಾರಿ ಒತ್ತಡದಲ್ಲಿ ನಾಝಲ್‌ಗಳಿಗೆ ಕಳಿಸುವ ಯಂತ್ರ. ನಾಲ್ಕು ಉಕ್ಕಿನ ಪೈಪು ಒಂದು ದುಂಡನೆಯ ತಲೆಯಿಂದ ಹೊರಟಿದ್ದರೆ ಅದು ರೋಟರಿ ಪಂಪ್, ಇಂಡಿಕಾ, ಕ್ವಾಲಿಸ್‌ನಲ್ಲಿ ಇರುವಂಥದ್ದು. ಸಾಲಾಗಿ ಒಂದರ ಪಕ್ಕ ಒಂದು ಹೊರಟಿದ್ದರೆ ಇನ್‌ಲೈನ್ ಪಂಪ್.

ರೋಟರಿ ಪಂಪಿನ ಆ ದುಂಡು ತಲೆಯ ಹತ್ತಿರ ಒಂದೇ ವೈರು ಬಂದು ಸೇರುವ ಬೆರಳುದ್ದದ ಸಾಮಾನು ಇರುತ್ತದೆ. ಅದು ಡೀಸೆಲ್ ಬಿಡುವ, ನಿಲ್ಲಿಸುವ ಸೊಲೆನಾಯ್ಡ್. ಕೀ ಆನ್ ಮಾಡಿದಾಗ ತೆರೆಯಬೇಕು, ಆಫ್ ಮಾಡಿದಾಗ ಮುಚ್ಚಬೇಕು. ಕೀ ಆನ್ ಮಾಡಿ, ಇಂಜಿನ್ ತಿರುಗಿಸಬೇಡಿ. ಆ ವೈರನ್ನು ತೆಗೆದು ಮತ್ತೆ ಮುಟ್ಟಿಸಿ. ಪ್ರತಿಸಲ "ಟಕ್" ಎಂದು ಸಣ್ಣ ಶಬ್ದ ಬರಬೇಕು.

ಶಬ್ದ ಇಲ್ಲದಿದ್ದರೆ ವೈರಿನ ತುದಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ದೀಪ ಉರಿದರೆ ಕರೆಂಟು ಬರುತ್ತಿದೆ, ಸೊಲೆನಾಯ್ಡ್ ಸತ್ತಿದೆ. ಉರಿಯದಿದ್ದರೆ ಫ್ಯೂಸು, ಕೀ ಸ್ವಿಚ್ಚು ಅಥವಾ ಇಲಿ. ತುರ್ತಿಗೆ ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್ ಇರುವ ವೈರೊಂದನ್ನು ನೇರ ಸೊಲೆನಾಯ್ಡ್‌ಗೆ ಕೊಟ್ಟರೆ ಇಂಜಿನ್ ಓಡುತ್ತದೆ. ಆಮೇಲೆ ಕೀ ತೆಗೆದರೂ ಅದು ನಿಲ್ಲುವುದಿಲ್ಲ, ವೈರು ಕಿತ್ತರೆ ಮಾತ್ರ ನಿಲ್ಲುತ್ತದೆ. ಮನೆಯವರಿಗೆ ಇದನ್ನು ಹೇಳದೆ ಗಾಡಿ ಕೊಡಬೇಡಿ.

6. ಏರ್ ತೆಗೆಯುವುದು

ಸೊಲೆನಾಯ್ಡ್ ಸರಿಯಿದ್ದೂ ಹೊಗೆ ಇಲ್ಲ ಅಂದರೆ ಹೆಚ್ಚಿನ ಸಲ ಡೀಸೆಲ್ ಲೈನಿನಲ್ಲಿ ಏರ್ ಹಿಡಿದಿರುತ್ತದೆ. ಡೀಸೆಲ್ ಒತ್ತಿದರೆ ಮುಂದಕ್ಕೆ ಹೋಗುತ್ತದೆ, ಗಾಳಿ ಒತ್ತಿದರೆ ಕುಗ್ಗುತ್ತದೆ ಅಷ್ಟೇ. ಹಾಗಾಗಿ ಪೈಪಿನಲ್ಲಿ ಗಾಳಿ ಇದ್ದರೆ ನಾಝಲ್ ತೆರೆಯುವಷ್ಟು ಒತ್ತಡ ಏಳುವುದೇ ಇಲ್ಲ. ಟ್ಯಾಂಕ್ ಖಾಲಿಯಾದ ಮೇಲೆ, ಫಿಲ್ಟರ್ ಬದಲಾಯಿಸಿದ ಮೇಲೆ ಇದು ಆಗಿಯೇ ಆಗುತ್ತದೆ.

ಮೊದಲು ಫಿಲ್ಟರಿನ ತಳದ ತಿರುಪು ಸಡಿಲಿಸಿ ಸ್ವಲ್ಪ ಡೀಸೆಲ್ಲನ್ನು ಗಾಜಿನ ಲೋಟಕ್ಕೆ ಬಿಡಿ. ಐದು ನಿಮಿಷ ಇಟ್ಟು ಬೆಳಕಿಗೆ ಹಿಡಿದು ನೋಡಿ. ನೀರು ಇದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ, ಪದರದ ಗೆರೆ ಚೆನ್ನಾಗಿ ಕಾಣುತ್ತದೆ. ಕಂದು ಪುಡಿ ಇದ್ದರೆ ಟ್ಯಾಂಕಿನ ತುಕ್ಕು. ನೀರು ಬಂದರೆ ಬರೀ ಡೀಸೆಲ್ ಬರುವವರೆಗೆ ಬಿಡಿ, ಫಿಲ್ಟರನ್ನೂ ಬದಲಾಯಿಸಿ.

ಇನ್ನು ಏರ್. ಫಿಲ್ಟರಿನ ತಲೆಯ ಮೇಲೆ ರಬ್ಬರಿನ ಗುಂಡು ಅಥವಾ ಒತ್ತುವ ಗುಬ್ಬಿ ಇರುತ್ತದೆ, ಅದೇ ಹ್ಯಾಂಡ್ ಪಂಪ್. ಇನ್‌ಲೈನ್ ಪಂಪಿನ ಗಾಡಿಯಲ್ಲಿ ಪಂಪಿನ ಮೈಯಲ್ಲೇ ಇರುತ್ತದೆ. ಪಕ್ಕದಲ್ಲೇ ಏರ್ ಬಿಡುವ ಸ್ಕ್ರೂ ಇರುತ್ತದೆ. ಅದನ್ನು ಒಂದು ಸುತ್ತು ಸಡಿಲಿಸಿ, ಕೆಳಗೆ ಬಟ್ಟೆ ಹಿಡಿದು ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ಬುಸ್ ಎಂದು ಗಾಳಿ, ಆಮೇಲೆ ನೊರೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಶುದ್ಧ ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಒತ್ತುವುದನ್ನು ನಿಲ್ಲಿಸಿ ಬಿಗಿ ಮಾಡಿದರೆ ಮತ್ತೆ ಗಾಳಿ ಒಳಗೆ. ಆಮೇಲೆ ಇನ್ನೂ ಒತ್ತಿ, ಹ್ಯಾಂಡ್ ಪಂಪ್ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಅದು 7ನೇ ಹಂತ.

ಗಟ್ಟಿಯಾದ ಮೇಲೆ ಸೆಲ್ಫ್ ಹೊಡೆಯಿರಿ. ಆಗಲೂ ಇಲ್ಲವಾದರೆ ಎರಡು ನಾಝಲ್‌ಗಳ ಮೇಲಿನ ಪೈಪ್ ನಟ್ಟನ್ನು, ಸಾಮಾನ್ಯವಾಗಿ 17ನೇ ನಂಬರ್, ಒಂದು ಸುತ್ತು ಸಡಿಲಿಸಿ. ಮೇಲೆ ಬಟ್ಟೆ ಮುಚ್ಚಿ, ಕೈ ಮುಖ ದೂರ ಇಟ್ಟು ಸೆಲ್ಫ್ ಹೊಡೆಸಿ. ನೊರೆ ಬಂದು, ಆಮೇಲೆ ಡೀಸೆಲ್ ತೊಟ್ಟಿಕ್ಕಿದಾಗ ನಿಲ್ಲಿಸಿ ಬಿಗಿ ಮಾಡಿ. ಬಹಳ ಸಲ ಮಿಕ್ಕ ಎರಡು ಸಿಲಿಂಡರಿನಲ್ಲೇ ಕೆಮ್ಮುತ್ತಾ ಸ್ಟಾರ್ಟ್ ಆಗಿಬಿಡುತ್ತದೆ. ಒಂದು ನಿಮಿಷ ಕುಂಟಿ ಆಮೇಲೆ ಸರಿಹೋಗುತ್ತದೆ.

ಮತ್ತೆ ಹೇಳುತ್ತೇನೆ: ಇದು ಹಳೇ ಮೆಕ್ಯಾನಿಕಲ್ ಪಂಪಿಗೆ ಮಾತ್ರ. ಅಲ್ಲೂ ಚಿಮ್ಮುವ ಡೀಸೆಲ್ಲಿಗೆ ಬೆರಳು ಒಡ್ಡಬೇಡಿ. ಅದು ಚರ್ಮ ತೂರುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗುರುತು, ಒಳಗೆ ಮಾಂಸದಲ್ಲಿ ಡೀಸೆಲ್. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

7. ಗಾಳಿ ಬಂದದ್ದು ಎಲ್ಲಿಂದ?

ಏರ್ ತೆಗೆದ ದಿನ ಸ್ಟಾರ್ಟ್ ಆಗುತ್ತದೆ, ಮರುದಿನ ಬೆಳಿಗ್ಗೆ ಅದೇ ಕಥೆ. ಮೆಕ್ಯಾನಿಕ್ ದಿನಾ ಬಂದು ಏರ್ ತೆಗೆದು ದುಡ್ಡು ತೆಗೆದುಕೊಂಡು ಹೋಗುತ್ತಾನೆ. ಇಲ್ಲಿ ಎಲ್ಲರೂ ಜಾರುವುದು ಒಂದೇ ಕಡೆ: "ಎಲ್ಲೂ ಡೀಸೆಲ್ ಸೋರ್ತಿಲ್ಲ, ಅಂದಮೇಲೆ ಪೈಪು ಸರಿಯಿದೆ" ಎನ್ನುತ್ತಾರೆ. ಹಾಗಲ್ಲ. ಬಹುಪಾಲು ಹಳೇ ಕಾರುಗಳಲ್ಲಿ ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ಲನ್ನು ಎಳೆಯುವುದು, ತಳ್ಳುವುದಲ್ಲ. ಎಳೆಯುವ ಪೈಪಿನಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ರಾತ್ರಿ ಇಡೀ ಆ ಬಿರುಕಿನಿಂದ ಗಾಳಿ ನುಗ್ಗಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ಪಂಪ್ ಒಣಗಿರುತ್ತದೆ.

ಇದನ್ನು ಖಾತ್ರಿ ಮಾಡಿಕೊಳ್ಳಲು ಒಂದು ಪುಕ್ಕಟೆ ಉಪಾಯ ಇದೆ. ಒಂದು ರಾತ್ರಿ ಕಾರನ್ನು ಟ್ಯಾಂಕ್ ಇರುವ ಹಿಂಭಾಗ ಮೇಲೆ, ಇಂಜಿನ್ ಕೆಳಗೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆದರೆ ಗಾಳಿ ಎಳೆಯುತ್ತಿರುವುದು ಹೆಚ್ಚುಕಡಿಮೆ ಖಚಿತ.

ಇನ್ನು ಜಾಗ ಹುಡುಕುವುದು. ಫಿಲ್ಟರ್ ಮತ್ತು ಪಂಪಿನ ನಡುವಿನ ರಬ್ಬರ್ ಪೈಪು ತೆಗೆದು ಪಾರದರ್ಶಕ ಪೈಪು ಹಾಕಿ, ಎರಡೂ ಕಡೆ ಕ್ಲಿಪ್ ಬಿಗಿಮಾಡಿ, ಏರ್ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆಗಳ ಸರಮಾಲೆ ಬರುತ್ತಲೇ ಇದ್ದರೆ ಸೋರಿಕೆ ಅದಕ್ಕಿಂತ ಹಿಂದೆ, ಫಿಲ್ಟರಿನಲ್ಲೋ ಟ್ಯಾಂಕಿನ ಕಡೆಗೋ ಇದೆ. ಈಗ ಅದೇ ಪೈಪನ್ನು ಫಿಲ್ಟರಿಗೆ ಮುಂಚೆ ಹಾಕಿ. ಅಲ್ಲಿ ಗುಳ್ಳೆ ಇಲ್ಲ ಅಂದರೆ ಕಳ್ಳ ಫಿಲ್ಟರೇ. ಅಲ್ಲೂ ಗುಳ್ಳೆ ಇದ್ದರೆ ಟ್ಯಾಂಕಿನ ಕಡೆಯ ಪೈಪು.

ಟ್ಯಾಂಕನ್ನೇ ಬಿಟ್ಟು ನೋಡುವ ದಾರಿಯೂ ಇದೆ. ಡೀಸೆಲ್ ಡಬ್ಬಿಯನ್ನು ಪಂಪಿಗಿಂತ ಎತ್ತರದಲ್ಲಿ, ಬಿಸಿ ಭಾಗ ಮತ್ತು ಫ್ಯಾನಿನಿಂದ ದೂರ ಕಟ್ಟಿ, ಅದರಿಂದ ನೇರ ಪಂಪಿಗೆ ಪೈಪು ಕೊಡಿ. ಇಂಜಿನ್ನಿನಿಂದ ಹಿಂದಿರುಗುವ ಪೈಪನ್ನೂ ಡಬ್ಬಿಗೇ ಬಿಡಿ. ಡಬ್ಬಿಯಲ್ಲಿ ಚೆನ್ನಾಗಿ ಓಡಿದರೆ ಪಂಪ್, ನಾಝಲ್ ಆರೋಗ್ಯವಾಗಿವೆ. ಪಂಪ್ ಬಿಚ್ಚಿಸುವ ಮಾತು ಅಲ್ಲಿಗೇ ಮುಗಿಯಿತು. ಈ ಒಂದು ಪರೀಕ್ಷೆ ಮಾಡದೆ ಪಂಪನ್ನು ಅಂಗಡಿಗೆ ಕೊಡಲೇಬೇಡಿ ಎನ್ನುವುದು ನನ್ನ ಸಲಹೆ.

ಗಾಳಿ ಎಳೆಯುವ ಜಾಗಗಳನ್ನು ಅನುಮಾನದ ಕ್ರಮದಲ್ಲೇ ಹೇಳುತ್ತೇನೆ. ಹೊಸ ಫಿಲ್ಟರ್ ಹಾಕುವಾಗ ಹಳೆಯ ರಬ್ಬರ್ ರಿಂಗನ್ನೇ ಕೂರಿಸಿರುವುದು. ಹ್ಯಾಂಡ್ ಪಂಪಿನ ಬಿರುಕು ಬಿಟ್ಟ ರಬ್ಬರು. ಫಿಲ್ಟರಿನ ತಳದ ತಿರುಪು. ಗಟ್ಟಿಯಾಗಿ ಹಿಡಿತ ಕಳೆದುಕೊಂಡ ರಬ್ಬರ್ ಪೈಪು, ಸಡಿಲ ಕ್ಲಿಪ್ಪು. ಪೈಪಿನ ಜೋಡಣೆಯಲ್ಲಿರುವ ತಾಮ್ರದ ವಾಷರು, ಬಿಚ್ಚಿದ ಪ್ರತಿಸಲ ಅದು ಹೊಸದಾಗಬೇಕು. ಕೊನೆಗೆ, ಟ್ಯಾಂಕಿನ ಮೇಲೆ ತುಕ್ಕು ಹಿಡಿದ ಕಬ್ಬಿಣದ ಪೈಪು. ಕೆಸರು ಚಿಮ್ಮುವ ಕರಾವಳಿ, ಮಲೆನಾಡಿನ ಕಾರುಗಳಲ್ಲಿ ಇದನ್ನು ಮರೆಯಬೇಡಿ.

ಒಂದು ಗೊಂದಲ ಬೇಡ. ಗಾಳಿಯಿಲ್ಲ, ಡೀಸೆಲ್ಲೂ ಬರುತ್ತಿಲ್ಲ ಅಂದರೆ ಟ್ಯಾಂಕಿನ ಮುಚ್ಚಳ ತೆರೆಯಿರಿ. ಜೋರಾಗಿ ಬುಸ್ ಎಂದು ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ಉಸಿರುಕಿಂಡಿ ಕಟ್ಟಿದೆ. ಹಾಗೇನೂ ಆಗದಿದ್ದರೆ ಟ್ಯಾಂಕಿನ ಒಳಗಿನ ಜಾಲರಿ ಕಟ್ಟಿರಬಹುದು.

8. ಬಿಳಿ ಹೊಗೆ ಬಂದರೆ ಹೀಟರ್ ಪ್ಲಗ್

ಹೀಟರ್ ಪ್ಲಗ್ ಅಂದರೆ ತಣ್ಣಗಿನ ಇಂಜಿನ್ನಿನ ಒಳಗೆ ಕೆಂಪಗೆ ಕಾದು ಡೀಸೆಲ್ ಹತ್ತಿಕೊಳ್ಳಲು ನೆರವಾಗುವ ಬೆರಳುದ್ದದ ಕಡ್ಡಿ. ಸಿಲಿಂಡರಿಗೆ ಒಂದರಂತೆ ಇರುತ್ತವೆ. ಡ್ಯಾಶ್‌ಬೋರ್ಡಿನ ಹಳದಿ ಸುರುಳಿ ದೀಪ ಇದರದ್ದೇ. ಆ ದೀಪ ಆರುವ ಮೊದಲೇ ಸೆಲ್ಫ್ ಹೊಡೆಯುವವರು ಬಹಳ. ಕಾಯಿರಿ. ಚಳಿಯಿದ್ದರೆ ಕೀ ಆಫ್ ಮಾಡಿ, ಇನ್ನೊಮ್ಮೆ ಆನ್ ಮಾಡಿ, ಎರಡನೇ ಸಲ ಆರಿದ ಮೇಲೆ ಹೊಡೆಯಿರಿ. ಡೀಸೆಲ್ಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಕೆಲವು ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನುಗಳಿಗೆ ಹೀಟರ್ ಪ್ಲಗ್ಗೇ ಇರುವುದಿಲ್ಲ, ನಿಮ್ಮ ಕಾರಿನ ಪುಸ್ತಕ ನೋಡಿಕೊಳ್ಳಿ.

ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಎರಡು ಪ್ಲಗ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ಅದೇ ಕಾರು ಡಿಸೆಂಬರಿನಲ್ಲಿ ಮಡಿಕೇರಿಗೆ ಹೋದರೆ ಬೆಳಿಗ್ಗೆ ಬಿಳಿ ಹೊಗೆ ಉಗುಳುತ್ತಾ ನಿಲ್ಲುತ್ತದೆ. ಹೊರದೇಶದ ವೀಡಿಯೊ ನೋಡಿ "ಡೀಸೆಲ್ ಹೆಪ್ಪುಗಟ್ಟಿದೆ" ಎಂದು ಕೇಳುವವರಿದ್ದಾರೆ. ಕೊಡಗಿನ ಚಳಿಗೆ ಆ ಅನುಮಾನ ಬೇಡ, ಪ್ಲಗ್ ನೋಡಿ.

ಮೊದಲು ಪ್ಲಗ್‌ಗಳಿಗೆ ಕರೆಂಟು ಬರುತ್ತಿದೆಯಾ? ಕೀ ಆನ್ ಮಾಡಿಸಿ, ಪ್ಲಗ್‌ಗಳ ತಲೆ ಜೋಡಿಸುವ ಲೋಹದ ಪಟ್ಟಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಉರಿಯದಿದ್ದರೆ ಪ್ಲಗ್‌ಗಳಿಗೆ ಕರೆಂಟು ಬಿಡುವ ಸ್ವಿಚ್ಚಾದ ರಿಲೇ ಅಥವಾ ದೊಡ್ಡ ಫ್ಯೂಸು ಹೋಗಿದೆ, ಪ್ಲಗ್ ಕೊಳ್ಳುವ ಅಗತ್ಯ ಇಲ್ಲ. ಉರಿದರೆ ಕೀ ಆಫ್ ಮಾಡಿ ಪಟ್ಟಿ ತೆಗೆಯಿರಿ. ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಒಂದೊಂದೇ ಪ್ಲಗ್ಗಿನ ತಲೆಗೆ. ದೀಪ ಹತ್ತಿದರೆ ಪ್ಲಗ್ ಬದುಕಿದೆ. ಮಲ್ಟಿಮೀಟರಿನಲ್ಲಿ ಒಂದೆರಡು ಓಮ್‌ನೊಳಗೆ ತೋರಿಸಬೇಕು.

ಬಿಚ್ಚುವಾಗ ಅವಸರ ಮಾಡಬೇಡಿ. ವರ್ಷಗಟ್ಟಲೆ ಮಸಿ ಹಿಡಿದ ಪ್ಲಗ್ ಅರ್ಧಕ್ಕೆ ಮುರಿದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಬೇಕಾಗುತ್ತದೆ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸಾಧ್ಯವಿದ್ದರೆ ಇಂಜಿನ್ ಬೆಚ್ಚಗಿದ್ದಾಗ ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಮಾಡಿ ಬಿಚ್ಚಿ. ಗಟ್ಟಿ ಇದ್ದರೆ ಬಿಟ್ಟುಬಿಡಿ, ಅಂಗಡಿಯವರು ನೋಡಿಕೊಳ್ಳಲಿ.

ಪ್ಲಗ್ ಎಲ್ಲಾ ಸರಿಯಿದ್ದು, ಸೆಲ್ಫೂ ಜೋರಾಗಿದ್ದು ಬಿಳಿ ಹೊಗೆ ಬಂದರೆ ಉಳಿದದ್ದು ಪಂಪಿನ ಟೈಮಿಂಗ್, ಅಂದರೆ ಡೀಸೆಲ್ ಚಿಮ್ಮುವ ಹೊತ್ತು, ನಾಝಲ್ ಅಥವಾ ಕಂಪ್ರೆಷನ್. ಕಂಪ್ರೆಷನ್ ಅಂದರೆ ಸಿಲಿಂಡರ್ ಗಾಳಿಯನ್ನು ಒತ್ತುವ ಶಕ್ತಿ. ಹೀಟರ್ ಪ್ಲಗ್ ಇರುವ ಹಳೆಯ ಇಂಜಿನ್ ಚೆನ್ನಾಗಿದ್ದರೆ ಸಾಮಾನ್ಯವಾಗಿ 25ರಿಂದ 30 ಬಾರ್ ಸುತ್ತ ಇರುತ್ತದೆ. 20ಕ್ಕೆ ಇಳಿದರೆ ಇಂಜಿನ್ ಬಿಚ್ಚಿ ರಿಪೇರಿ ಮಾಡಿಸುವ ಹೊತ್ತು ಬಂದಿದೆ. ಡೀಸೆಲ್‌ನ ಗೇಜಿನಲ್ಲೇ ಅಳೆಸಿ, ಪೆಟ್ರೋಲ್ ಕಾರಿನ ಗೇಜ್ ಇಷ್ಟು ಒತ್ತಡಕ್ಕೆ ಆಗುವುದಿಲ್ಲ.

9. ಕಾಮನ್ ರೈಲ್ ಕಾರುಗಳು

ಇವುಗಳಲ್ಲಿ ಡೀಸೆಲ್ ಬಿಡುವುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಪೈಪಿನ ಒತ್ತಡ 1,000 ಬಾರ್ ದಾಟುತ್ತದೆ. ನಿಮ್ಮ ಟೈರಿನಲ್ಲಿರುವುದು 2 ಬಾರ್ ಚಿಲ್ಲರೆ. ಹಾಗಾಗಿ ಸ್ಪ್ಯಾನರ್ ಕೆಳಗಿಡಿ.

ನೀವು ನೋಡಬಹುದಾದ್ದು ಕೆಲವೇ. ಕೀ ಗುರುತು ಸಿಗದಿದ್ದರೆ ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಇಮೊಬಿಲೈಸರ್‌ನ ದೀಪ, ಅಂದರೆ ಕಾರು ಅಥವಾ ಕೀ ಚಿತ್ರ, ಮಿನುಗುತ್ತಿದ್ದರೆ ಇನ್ನೊಂದು ಕೀ ಹಾಕಿ ನೋಡಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಕದಲದಿದ್ದರೆ, ಇಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆಗುವುದೂ ಅದರದ್ದೇ ಲಕ್ಷಣ. ಕೆಲವು ಫಿಯಾಟ್ ಕಾರುಗಳಲ್ಲಿ ಗುದ್ದಿದಾಗ ಡೀಸೆಲ್ ನಿಲ್ಲಿಸುವ ಸ್ವಿಚ್ಚಿದೆ. ದೊಡ್ಡ ಹೊಂಡಕ್ಕೆ ಬಿದ್ದ ಮೇಲೆ ಸ್ಟಾರ್ಟ್ ಆಗದಿದ್ದರೆ ಅದನ್ನು ಒತ್ತಿ ನೋಡಿ. ಉಳಿದದ್ದು ಸ್ಕ್ಯಾನರ್ ಇರುವವರ ಕೆಲಸ.

10. ಈ ಎರಡು ಉಪಾಯ ಬೇಡ

ಏರ್ ಫಿಲ್ಟರ್ ತೆಗೆದು ಪೆಟ್ರೋಲ್ ಅದ್ದಿದ ಬಟ್ಟೆ ಹಿಡಿಯುವುದು ಅಥವಾ ಈಥರ್ ಸ್ಪ್ರೇ ಹೊಡೆಯುವುದು. ನೋಡಿರುತ್ತೀರಿ, ಕೆಲವರು ಮಾಡುತ್ತಾರೆ, ಸ್ಟಾರ್ಟೂ ಆಗುತ್ತದೆ. ಒಳಗೆ ಹೀಟರ್ ಪ್ಲಗ್ ಕೆಂಪಗೆ ಕಾದಿರುವಾಗ ಆ ಆವಿ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸಿಡಿಯುತ್ತದೆ. ರಿಂಗ್ ಮುರಿಯುತ್ತದೆ, ಪಿಸ್ಟನ್ ಬಿರುಕು ಬಿಡುತ್ತದೆ, ಹಿಡಿದವನ ಮುಖ ಸುಟ್ಟರೂ ಆಶ್ಚರ್ಯವಿಲ್ಲ.

ಇನ್ನೊಂದು, ತಳ್ಳಿ ಸ್ಟಾರ್ಟ್ ಮಾಡುವುದು. ಬ್ಯಾಟರಿ ಸ್ವಲ್ಪ ಕಡಿಮೆಯಿದ್ದಾಗ, ಎರಡನೇ ಗೇರಿನಲ್ಲಿ, ಸಮತಟ್ಟು ಜಾಗದಲ್ಲಿ ಆಗಬಹುದು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಸೊಲೆನಾಯ್ಡ್ ತೆರೆಯುವುದೇ ಇಲ್ಲ, ಸುಮ್ನೆ ಬೆವರು ಅಷ್ಟೇ. ಹಳೆಯ ಟೈಮಿಂಗ್ ಬೆಲ್ಟಿದ್ದರೆ ಆ ಜಗ್ಗಿಗೆ ಹಲ್ಲು ಹಾರಬಹುದು. ಘಾಟಿಯ ಇಳಿಜಾರಿನಲ್ಲಂತೂ ಬೇಡವೇ ಬೇಡ. ಇಂಜಿನ್ ಓಡದಿದ್ದರೆ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಇರುವುದಿಲ್ಲ. ನಾಲ್ಕಾರು ಸಲ ತುಳಿದ ಮೇಲೆ ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗೂ ಭಾರ.

11. ಮೆಕ್ಯಾನಿಕ್ಕಿಗೆ ಹೀಗೆ ಹೇಳಿ

"ಸ್ಟಾರ್ಟ್ ಆಗ್ತಿಲ್ಲ, ನೋಡಿ" ಎಂದಷ್ಟೇ ಹೇಳಿ ಬಿಟ್ಟು ಬರಬೇಡಿ. ಕಂಡದ್ದನ್ನು ಚೀಟಿಯಲ್ಲಿ ಬರೆದು ಕೊಡಿ: "ಸೆಲ್ಫ್ ಜೋರಾಗಿದೆ, 10.2 ವೋಲ್ಟ್ ನಿಲ್ಲುತ್ತೆ. ಹೊಗೆ ಇಲ್ಲ. ಸೊಲೆನಾಯ್ಡ್ ಟಕ್ ಅನ್ನುತ್ತೆ. ಏರ್ ತೆಗೆದಾಯ್ತು. ಡಬ್ಬಿಯಿಂದ ಡೀಸೆಲ್ ಕೊಟ್ಟರೂ ನಾಝಲ್ ಪೈಪಿಗೆ ಬರ್ತಿಲ್ಲ." ಇಷ್ಟು ಓದಿದ ಮೆಕ್ಯಾನಿಕ್ ನೇರ ಪಂಪಿಗೆ ಹೋಗುತ್ತಾನೆ, ಹೀಟರ್ ಪ್ಲಗ್ಗಿನಿಂದ ಶುರು ಮಾಡುವುದಿಲ್ಲ. ಪಂಪ್ ಬಿಚ್ಚುವುದೇ ಆದರೆ ಪಂಪನ್ನು ಓಡಿಸಿ ಪರೀಕ್ಷಿಸುವ ಟೆಸ್ಟ್ ಬೆಂಚ್ ಇರುವ ಅಂಗಡಿಗೇ ಕೊಡಿ. ಬಿಚ್ಚುವ ಮೊದಲು ಪಂಪಿನ ಟೈಮಿಂಗ್ ಗುರುತು ಹಾಕಿದ್ದಾರಾ ಎಂದು ನಿಂತು ನೋಡಿ. ನಾಝಲ್ ಪರೀಕ್ಷಿಸುವಾಗಲೂ ಎದುರಿಗಿರಿ, ಒಳ್ಳೆಯ ನಾಝಲ್ ಮಂಜಿನ ಹಾಗೆ ಚಿಮ್ಮಿಸಿ ತಟ್ಟನೆ ನಿಲ್ಲುತ್ತದೆ, ತುದಿಯಲ್ಲಿ ಹನಿ ನಿಲ್ಲಬಾರದು. ಬದಲಾಯಿಸಿದ ಹಳೆಯ ಸಾಮಾನನ್ನು ವಾಪಸ್ ಕೇಳಿ ತೆಗೆದುಕೊಳ್ಳಿ.